ಕೂಸಿನ ಎದೆಗೂ ಸ್ಕ್ಯಾನಿಂಗ್

ನವಲಗುಂದದ ಕಡೆ ಸ್ಕ್ಯಾನಿಂಗ್ ಎಂದರೆ ಬಸುರಿಯ ಹೊಟ್ಟೆಯದು. ಎದೆಯದಾದರೆ ‘ಫೋಟೋ’, ಅಂದರೆ ಎಕ್ಸ್-ರೇ. ಹುಟ್ಟಿ ಎರಡು ತಾಸೂ ಆಗದ ಕೂಸಿನ ಎದೆಗೆ ಸ್ಕ್ಯಾನಿಂಗ್ ಮಾಡ್ತೀವಿ ಅಂದರೆ, ‘ಹೊಟ್ಯಾಗಿಂದ ಹೊರಗ ಬಂದ ಮ್ಯಾಲೆ ಇನ್ನೆಂಥಾ ಸ್ಕ್ಯಾನಿಂಗ್ರೀ?’ ಎಂದು ಅಜ್ಜಿ ಕೇಳಿದರೆ ಆಕೆಯದು ತಪ್ಪಲ್ಲ. ಮೂವತ್ತು ವರ್ಷದ ಹಿಂದೆ ಬಹುಪಾಲು ವೈದ್ಯರೂ ಹಾಗೇ ಕೇಳುತ್ತಿದ್ದರು. ಈಗ ನವಜಾತ ಶಿಶುಗಳ ಐಸಿಯುಗಳಲ್ಲಿ ಉಸಿರಾಟದ ತೊಂದರೆಯ ಮೂಲ ಹುಡುಕಲು ಶ್ವಾಸಕೋಶದ ಅಲ್ಟ್ರಾಸೌಂಡ್ ದಿನದ ಮಾತಾಗಿದೆ. ತಾಲ್ಲೂಕು ಮಟ್ಟದಲ್ಲಿ ಅದರಿಂದ ಏನು ಉಪಯೋಗ, ಎಲ್ಲಿ ತೊಡಕು ಎಂಬುದೇ ಈ ಲೇಖನದ ವಿಷಯ.

ಉಸಿರು ಕಟ್ಟುವುದಕ್ಕೆ ಕಾರಣ ಒಂದಲ್ಲ

ಆರೋಗ್ಯವಂತ ನವಜಾತ ಶಿಶು ನಿಮಿಷಕ್ಕೆ 40ರಿಂದ 60 ಸಲ ಉಸಿರಾಡುತ್ತದೆ. 60 ದಾಟಿತೆಂದರೆ ಲಕ್ಷ್ಯ ಕೊಡಬೇಕು. ಅದರ ಜೊತೆಗೆ ಮೂಗಿನ ಹೊಳ್ಳೆ ಅರಳುತ್ತಿದ್ದರೆ, ಪಕ್ಕೆ ಒಳಗೆ ಸೆಳೆಯುತ್ತಿದ್ದರೆ, ಪ್ರತಿ ಉಸಿರಿಗೂ ಸಣ್ಣಗೆ ನರಳುತ್ತಿದ್ದರೆ, ನಾಲಿಗೆ-ತುಟಿ ನೀಲಿಗಟ್ಟಿದ್ದರೆ ತಡಮಾಡುವ ಹಾಗಿಲ್ಲ. ಆ ನರಳಿಕೆಯನ್ನು ಮನೆಯವರು ಅಳು ಎಂದುಕೊಳ್ಳುವುದುಂಟು. ಅದು ಅಳುವಲ್ಲ. ಮುಚ್ಚಿಹೋಗುತ್ತಿರುವ ಗಾಳಿಗೂಡುಗಳನ್ನು ತೆರೆದಿಡಲು ಕೂಸು ಗಂಟಲನ್ನು ಅರ್ಧ ಬಿಗಿಹಿಡಿದು ಉಸಿರು ಬಿಡುವ ಸದ್ದು. ಸಿಪ್ಯಾಪ್ ಯಂತ್ರ ಮೂಗಿನ ಕೊಳವೆಯಿಂದ ಒತ್ತಡದ ಗಾಳಿ ಕೊಟ್ಟು ಮಾಡುವ ಕೆಲಸವನ್ನು ಕೂಸು ತನ್ನ ಗಂಟಲಲ್ಲೇ ಮಾಡಿಕೊಳ್ಳುತ್ತಿರುತ್ತದೆ.

ಹೊರಗಿನಿಂದ ನೋಡಿದರೆ ಎಲ್ಲ ಕೂಸುಗಳೂ ಒಂದೇ ಥರ ತೇಕುತ್ತವೆ. ಒಳಗಿನ ಕಥೆ ಬೇರೆಬೇರೆ. ಗರ್ಭದಲ್ಲಿದ್ದಾಗ ಶ್ವಾಸಕೋಶದ ತುಂಬ ದ್ರವ ಇರುತ್ತದೆ. ಹೆರಿಗೆ ನೋವು ಶುರುವಾದಾಗಿನಿಂದ ಅದು ಇಂಗತೊಡಗುತ್ತದೆ. ನೋವು ಬರುವ ಮೊದಲೇ ಸಿಸೇರಿಯನ್ ಆದರೆ ಆ ನೀರು ಅಲ್ಲೇ ಉಳಿದು ಒಂದೆರಡು ದಿನ ಕಾಡುತ್ತದೆ. ಬಹುತೇಕ ತಾನೇ ಹೋಗುತ್ತದೆ. ಅವಧಿಗೆ ಮುನ್ನ ಹುಟ್ಟಿದ ಕೂಸಿನದು ಇನ್ನೊಂದು ಕಥೆ. ಅದಕ್ಕೆ ಸರ್ಫ್ಯಾಕ್ಟೆಂಟ್ ಎಂಬ ಜಿಡ್ಡು ಸಾಲದು. ಗಾಳಿಗೂಡುಗಳು ಒದ್ದೆ ಪ್ಲಾಸ್ಟಿಕ್ ಚೀಲದ ಹಾಗೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಈ ಕೊರತೆಯನ್ನು 1959ರಲ್ಲಿ ಅಮೆರಿಕದ ಮೇರಿ ಎಲೆನ್ ಏವರಿ ಮತ್ತು ಜೆರ್ ಮೀಡ್ ತೋರಿಸಿಕೊಟ್ಟರು. ಆದರೆ ಔಷಧ ಬರಲು ಇನ್ನೂ ಎರಡು ದಶಕ ಹಿಡಿಯಿತು. 1963ರ ಆಗಸ್ಟ್‌ನಲ್ಲಿ ಅಮೆರಿಕದ ಅಧ್ಯಕ್ಷ ಕೆನೆಡಿಯವರ ಮಗ ಹುಟ್ಟಿದ ಎರಡೇ ದಿನದಲ್ಲಿ ಇದೇ ಕಾಯಿಲೆಯಿಂದ ತೀರಿಕೊಂಡ. ಜಗತ್ತಿನ ಬಲಾಢ್ಯ ತಂದೆಗೂ ಅಂದು ಸಿಗದ ಔಷಧ ಇವತ್ತು ಹುಬ್ಬಳ್ಳಿಯಲ್ಲಿ ಸಿಗುತ್ತದೆ.

ಇವೆರಡೂ ಅಲ್ಲದೆ ನ್ಯುಮೋನಿಯಾ ಇರಬಹುದು, ಕೂಸು ಗರ್ಭದಲ್ಲೇ ಮಲ ವಿಸರ್ಜಿಸಿ ಅದನ್ನು ಉಸಿರಿಗೆಳೆದುಕೊಂಡಿರಬಹುದು, ಶ್ವಾಸಕೋಶ ಒಡೆದು ಗಾಳಿ ಎದೆಗೂಡಿಗೆ ಸೋರಿರಬಹುದು. ನೀರು ಇಂಗದೆ ಉಳಿದ ಕೂಸಿಗೆ ಆರೈಕೆ ಮಾಡಿ ಕಾಯಬೇಕು, ಸರ್ಫ್ಯಾಕ್ಟೆಂಟ್ ಸಾಲದ ಕೂಸಿಗೆ ಶ್ವಾಸನಾಳದೊಳಗೆ ಔಷಧ ಹೋಗಬೇಕು, ಗಾಳಿ ಸೋರಿದ ಕೂಸಿಗೆ ನಿಮಿಷಗಳಲ್ಲಿ ಸೂಜಿ ಚುಚ್ಚಿ ಗಾಳಿ ತೆಗೆಯಬೇಕು.

ಗಾಳಿಯೇ ಅಡ್ಡಿ ಎಂದುಕೊಂಡಿದ್ದ ಕಾಲ

ಅಲ್ಟ್ರಾಸೌಂಡ್ ಅಲೆಗಳು ನೀರಿನಲ್ಲಿ, ಮಾಂಸದಲ್ಲಿ ಸಲೀಸಾಗಿ ಸಾಗುತ್ತವೆ. ಗಾಳಿ ಎದುರಾದರೆ ಹೆಚ್ಚುಕಡಿಮೆ ಪೂರ್ತಿ ವಾಪಸಾಗುತ್ತವೆ. ಶ್ವಾಸಕೋಶದ ತುಂಬ ಗಾಳಿಯೇ. ಹಾಗಾಗಿ ಈ ಯಂತ್ರಕ್ಕೆ ಅಲ್ಲಿ ಕೆಲಸವಿಲ್ಲ ಎಂದು ದೊಡ್ಡ ಪಠ್ಯಪುಸ್ತಕಗಳೇ ಹೇಳುತ್ತಿದ್ದವು. ಫ್ರಾನ್ಸಿನ ತೀವ್ರ ನಿಗಾ ತಜ್ಞ ಡಾನಿಯೆಲ್ ಲಿಕ್ಟೆನ್‌ಸ್ಟೈನ್ ಆ ಮಾತನ್ನು ಒಪ್ಪಲಿಲ್ಲ. ಶ್ವಾಸಕೋಶ ಕಾಣದಿದ್ದರೇನಂತೆ, ವಾಪಸು ಬರುವ ಅಲೆ ಹೇಗೆ ಬರುತ್ತದೆ ಎಂಬುದೇ ಒಳಗಿನ ಸುದ್ದಿ ಹೇಳುತ್ತದೆ ಎಂಬುದು ಅವರ ವಾದ. 1990ರ ದಶಕದಿಂದ ಅವರು ಒಂದೊಂದೇ ಗುರುತನ್ನು ಹೆಸರಿಟ್ಟು ವಿವರಿಸುತ್ತ ಹೋದರು. ಉಸಿರು ಕಟ್ಟಿದ ವಯಸ್ಕ ರೋಗಿಗೆ ಅವರು ರೂಪಿಸಿದ ಪರೀಕ್ಷಾ ಕ್ರಮ 2008ರಲ್ಲಿ ಪ್ರಕಟವಾಯಿತು. ಸ್ಟೆತಾಸ್ಕೋಪ್ ಹುಟ್ಟಿದ್ದೂ ಫ್ರಾನ್ಸಿನಲ್ಲೇ, 1816ರಲ್ಲಿ, ಪ್ಯಾರಿಸ್‌ನಲ್ಲಿ. ಎದೆಯ ಮಾತು ಕೇಳುವ ಹುಚ್ಚು ಆ ದೇಶಕ್ಕೆ ಹಳೆಯದು.

ಕೂಸುಗಳ ಮಟ್ಟಿಗೆ ಮೊದಲ ದೊಡ್ಡ ಹೆಜ್ಜೆ ಇಟಲಿಯದು. ರೊಬೆರ್ತೊ ಕೊಪೆತ್ತಿ ಮತ್ತು ಲುಯಿಜಿ ಕತ್ತರೋಸ್ಸಿ 2007ರಲ್ಲಿ, ಇಂಗದೆ ಉಳಿದ ನೀರಿನಿಂದ ತೇಕುವ ಕೂಸಿನ ಚಿತ್ರ ಹೇಗಿರುತ್ತದೆ ಎಂದು ತೋರಿಸಿದರು. ಆಮೇಲೆ ಗೊತ್ತಾದ ಸಂಗತಿ ಎಂದರೆ, ಈ ಪರೀಕ್ಷೆಗೆ ನವಜಾತ ಶಿಶುವಿನಷ್ಟು ಒಳ್ಳೆಯ ದೇಹವೇ ಇಲ್ಲ. ಎದೆಗೋಡೆ ತೆಳು, ಕೊಬ್ಬು ಇಲ್ಲ, ಎದೆ ಅಂಗೈ ಅಗಲ.

ಪರದೆಯ ಮೇಲೆ

ಬೇಕಾಗುವುದು ಸಣ್ಣ, ಚಪ್ಪಟೆ ಬಾಯಿಯ ಪ್ರೋಬ್. ಬಸುರಿಯ ಹೊಟ್ಟೆಗೆ ಬಳಸುವ ಬಾಗಿದ ಪ್ರೋಬ್ ಆಳ ನೋಡುವಂಥದು. ಕೂಸಿಗೆ ಬೇಕಾದ್ದು ಹೆಚ್ಚು ಕಂಪನಾಂಕದ, ಮೂರು ನಾಲ್ಕು ಸೆಂಟಿಮೀಟರ್ ಆಳವನ್ನಷ್ಟೇ ನಿಚ್ಚಳವಾಗಿ ತೋರುವ ಪ್ರೋಬ್. ಜೆಲ್ ಬೆಚ್ಚಗಿರಬೇಕು. ಇದು ಉಪಚಾರದ ಮಾತಲ್ಲ. ಒಂದೂವರೆ ಕಿಲೋ ತೂಗುವ ಕೂಸಿನ ಎದೆಗೆ ತಣ್ಣನೆಯ ಜೆಲ್ ಸುರಿದರೆ ಮೈ ತಣ್ಣಗಾಗುತ್ತದೆ. ಮೈ ತಣ್ಣಗಾದ ಕೂಸಿನ ಉಸಿರು ಇನ್ನಷ್ಟು ಕೆಡುತ್ತದೆ. ಹಾಗಾಗಿ ವಾರ್ಮರ್ ಕೆಳಗೋ ಇನ್‌ಕ್ಯುಬೇಟರಿನ ಕಿಟಕಿಯೊಳಗೆ ಕೈ ತೂರಿಸಿಯೋ, ಒಂದು ಪಕ್ಕವನ್ನಷ್ಟೇ ತೆರೆದು ನೋಡಿ ಮತ್ತೆ ಹೊದಿಸಬೇಕು.

ಪ್ರೋಬನ್ನು ಎದೆಯ ಮೇಲೆ ಉದ್ದುದ್ದ ಇಟ್ಟರೆ ಎರಡು ಪಕ್ಕೆಲುಬುಗಳು, ಅವುಗಳ ಕೆಳಗೆ ಕಪ್ಪು ನೆರಳು, ನಡುವೆ ಒಂದು ಬಿಳಿ ಹೊಳೆವ ಗೆರೆ ಕಾಣುತ್ತದೆ. ರೆಕ್ಕೆ ಬಿಚ್ಚಿದ ಬಾವಲಿಯಂತೆ ಇದೆಯೆಂದು ವೈದ್ಯರು ಅದಕ್ಕೆ ಬಾವಲಿ ಗುರುತು ಎನ್ನುತ್ತಾರೆ. ಆ ಬಿಳಿ ಗೆರೆ ಶ್ವಾಸಕೋಶದ ಹೊದಿಕೆ. ನೋಡುವುದೆಲ್ಲ ಅಲ್ಲೇ. ಆರೋಗ್ಯವಂತ ಕೂಸಿನಲ್ಲಿ ಅದು ಪ್ರತಿ ಉಸಿರಿಗೂ ಆಚೀಚೆ ಜಾರುತ್ತದೆ, ಸಾಲುಗಟ್ಟಿದ ಇರುವೆ ಹರಿದಾಡಿದ ಹಾಗೆ. ಅದರ ಕೆಳಗೆ ಸಮ ಅಂತರದಲ್ಲಿ ಅಡ್ಡ ಗೆರೆಗಳು ಮಾಸುತ್ತ ಹೋಗುತ್ತವೆ. ಅವು ನಿಜದ ಗೆರೆಗಳಲ್ಲ. ಹಾಳು ಬಾವಿಯಲ್ಲಿ ಕೂಗಿದರೆ ದನಿ ಮತ್ತೆ ಮತ್ತೆ ಬರುವಂತೆ, ಹೊದಿಕೆಗೂ ಪ್ರೋಬಿಗೂ ನಡುವೆ ಅಲೆ ಪುಟಿದಾಡಿದ ಪ್ರತಿಧ್ವನಿ. ಇವಕ್ಕೆ ‘ಎ’ ಗೆರೆ ಎಂದು ಹೆಸರು. ಇವು ಇದ್ದು ಹೊದಿಕೆಯೂ ಜಾರುತ್ತಿದ್ದರೆ ಅಲ್ಲಿ ಗಾಳಿ ಚೆನ್ನಾಗಿ ತುಂಬಿದೆ ಎಂದರ್ಥ.

ಶ್ವಾಸಕೋಶದಲ್ಲಿ ನೀರು ಹೆಚ್ಚಿದರೆ ಚಿತ್ರ ಬದಲಾಗುತ್ತದೆ. ಹೊದಿಕೆಯಿಂದ ಹೊರಟ ಬಿಳಿ ಕೋಲುಗಳು ನೆಟ್ಟಗೆ ಪರದೆಯ ತಳದವರೆಗೆ ಇಳಿಯುತ್ತವೆ, ಉಸಿರಿನ ಜೊತೆ ಓಲಾಡುತ್ತವೆ, ಅಡ್ಡ ಗೆರೆಗಳನ್ನು ಅಳಿಸಿಹಾಕುತ್ತವೆ. ನವಲಗುಂದ, ಅಣ್ಣಿಗೇರಿಯ ಹಳೆಯ ಮಾಳಿಗೆ ಮನೆಯಲ್ಲಿ ಮಲಗೆದ್ದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೆಳಕಿಂಡಿಯಿಂದ ಕತ್ತಲೆ ಪಡಸಾಲೆಗೆ ಇಳಿಯುವ ಬಿಸಿಲುಕೋಲು ಹಾಗೇ ಇರುತ್ತದೆ. ವೈದ್ಯರ ಭಾಷೆಯಲ್ಲಿ ಅದು ‘ಬಿ’ ಗೆರೆ. ಬಿಸಿಲುಕೋಲು ಎಂದರೆ ಅಕ್ಷರವೂ ಹೊಂದುತ್ತದೆ. ಕೋಲುಗಳು ಒತ್ತೊತ್ತಾಗಿ ಸೇರಿ ಪರದೆಯೆಲ್ಲ ಬಿಳಿಯಾದರೆ ಅದೇ ಬಿಳಿ ಶ್ವಾಸಕೋಶ.

ಯಾವ ತೊಂದರೆಗೆ ಯಾವ ಚಿತ್ರ

ಸರ್ಫ್ಯಾಕ್ಟೆಂಟ್ ಕೊರತೆಯಲ್ಲಿ ಎರಡೂ ಪಕ್ಕ, ಮೇಲೆ ಕೆಳಗೆ, ಎಲ್ಲಿ ಇಟ್ಟರೂ ಬಿಳಿ. ಹೊದಿಕೆಯ ಗೆರೆ ದಪ್ಪಗೆ, ಹರಕು ಅಂಚಿನಂತೆ ಇರುತ್ತದೆ. ಅದರ ಅಡಿಯಲ್ಲಿ ಗಾಳಿ ಹೋಗದ ಸಣ್ಣ ಸಣ್ಣ ತುಣುಕುಗಳು. ಉಳಿದ ನೀರಿನ ಕೂಸಿನಲ್ಲಿ ಹೊದಿಕೆ ನಯವಾಗಿರುತ್ತದೆ. ಕೆಳಭಾಗದಲ್ಲಿ ಬಿಸಿಲುಕೋಲು ದಟ್ಟ, ಮೇಲ್ಭಾಗದಲ್ಲಿ ವಿರಳ, ನಡುವೆ ಎಲ್ಲೆ ಹಾಕಿದಂಥ ಗಡಿ. ಕೊಪೆತ್ತಿ ಮತ್ತು ಕತ್ತರೋಸ್ಸಿ ಹೇಳಿದ್ದು ಈ ಗಡಿಯನ್ನೇ. ಅದು ಪ್ರತಿ ಕೂಸಿನಲ್ಲೂ ಕಾಣಿಸುವುದಿಲ್ಲ ಎಂಬುದು ಆಮೇಲಿನ ಅನುಭವ. ಹಾಗಾಗಿ ಗಡಿ ಕಾಣಲಿಲ್ಲ ಎಂದ ಮಾತ್ರಕ್ಕೆ ಅದು ಆ ತೊಂದರೆ ಅಲ್ಲ ಎನ್ನುವಂತಿಲ್ಲ.

ಮಲ ಉಸಿರಿಗೆಳೆದುಕೊಂಡ ಕೂಸಿನದು ತೇಪೆ ಹಾಕಿದ ಕೌದಿಯಂಥ ಚಿತ್ರ. ಒಂದು ಕಡೆ ಸರಿ, ಪಕ್ಕದಲ್ಲೇ ಬಿಳಿ, ಇನ್ನೊಂದೆಡೆ ಗಟ್ಟಿ. ನ್ಯುಮೋನಿಯಾದಲ್ಲಿ ಶ್ವಾಸಕೋಶದ ಭಾಗವೊಂದು ಪಿತ್ತಜನಕಾಂಗದಂತೆ ಗಟ್ಟಿಯಾಗಿ, ಒಳಗೆ ಗಾಳಿಯ ಬಿಳಿ ಚುಕ್ಕೆಗಳು ಉಸಿರಿನೊಂದಿಗೆ ಚಲಿಸುತ್ತವೆ. ಇವೆರಡನ್ನು ಚಿತ್ರ ಒಂದರಿಂದಲೇ ಬೇರ್ಪಡಿಸುವುದು ಕಷ್ಟ. ಹೆರಿಗೆಯ ವೃತ್ತಾಂತ, ಗರ್ಭದ ನೀರಿನ ಬಣ್ಣ, ತಾಯಿಗೆ ಜ್ವರವಿತ್ತೇ ಎಂಬುದೆಲ್ಲ ಕೂಡಿಸಿಯೇ ತೀರ್ಮಾನ.

ಗಾಳಿ ಸೋರಿದ ಎದೆಯಲ್ಲಿ ಮಾತ್ರ ಈ ಯಂತ್ರ ತನ್ನ ಬೆಲೆ ತೋರಿಸುತ್ತದೆ. ಹೊದಿಕೆ ಜಾರುವುದಿಲ್ಲ, ಬಿಸಿಲುಕೋಲು ಒಂದೂ ಇರುವುದಿಲ್ಲ. ಚಲನೆಯನ್ನು ಗೆರೆಯಾಗಿ ಬಿಡಿಸುವ ಎಂ-ಮೋಡ್ ಒತ್ತಿದರೆ ಪರದೆ ಮೇಲಿಂದ ಕೆಳತನಕ ಬರಿ ಅಡ್ಡ ಪಟ್ಟೆ. ನವಲಗುಂದದ ಜಮಖಾನವಾದರೆ ಅದರಲ್ಲಿ ನವಿಲೋ ಪಗಡೆಹಾಸೋ ಇರುತ್ತದೆ. ಇದು ಚಿತ್ತಾರವಿಲ್ಲದ ಸಾದಾ ಪಟ್ಟಾಪಟ್ಟಿ. ಆರೋಗ್ಯವಂತ ಎದೆಯಲ್ಲಿ ಆ ಪಟ್ಟೆಯ ಕೆಳಗೆ ಮರಳು ಎರಚಿದಂಥ ಭಾಗವಿರಬೇಕು. ಇಟಲಿಯ ನೇಪಲ್ಸ್‌ನ ಫ್ರಾನ್ಚೆಸ್ಕೊ ರೈಮೊಂದಿ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿಢೀರನೆ ಕುಸಿದ 42 ಶಿಶುಗಳನ್ನು ನೋಡಲಾಗಿತ್ತು. ಅಲ್ಟ್ರಾಸೌಂಡ್ ಉತ್ತರ ಸರಾಸರಿ 5 ನಿಮಿಷದ ಆಸುಪಾಸಿನಲ್ಲಿ ಸಿಕ್ಕಿತು, ಎಕ್ಸ್-ರೇಗೆ 19 ನಿಮಿಷ ಹಿಡಿಯಿತು. ಅದು ಎಲ್ಲ ಅನುಕೂಲವಿದ್ದ ಆಸ್ಪತ್ರೆಗಳ ಲೆಕ್ಕ. ಎಕ್ಸ್-ರೇ ಕೋಣೆಗೆ ಬೀಗ ಬಿದ್ದಿರುವ ರಾತ್ರಿಯ ಲೆಕ್ಕವನ್ನು ಓದುಗರೇ ಹಾಕಿಕೊಳ್ಳಲಿ.

ಯಂತ್ರವೇ ಇಲ್ಲದ ಕಡೆ ಒಂದು ಹಳೆಯ ಉಪಾಯವಿದೆ: ಕೋಣೆ ಕತ್ತಲು ಮಾಡಿ, ಬಿಸಿಯಾಗದ ಪ್ರಖರ ದೀಪವನ್ನು ಎದೆಗೆ ಒತ್ತಿ ಹಿಡಿಯುವುದು. ಗಾಳಿ ಸೋರಿದ ಪಕ್ಕ ಲಾಂದ್ರದಂತೆ ಬೆಳಗುತ್ತದೆ. ಪುಟ್ಟ ಕೂಸುಗಳಲ್ಲಿ ಇದು ಈಗಲೂ ಉಪಯೋಗಕ್ಕೆ ಬರುತ್ತದೆ.

ಆರು ಜಾಗ, 18 ಅಂಕ

ನೋಡಿದ್ದನ್ನು ಅಂಕಿಯಲ್ಲಿ ಹೇಳಿದರೆ ಫೋನಿನಲ್ಲೂ ತಿಳಿಸಬಹುದು. ಎದೆಯ ಒಂದೊಂದು ಪಕ್ಕದಲ್ಲಿ ಮೂರು ಜಾಗ: ಮುಂಭಾಗದ ಮೇಲೆ, ಮುಂಭಾಗದ ಕೆಳಗೆ, ಕಂಕುಳ ಬದಿ. ಪ್ರತಿ ಜಾಗಕ್ಕೂ ಸೊನ್ನೆಯಿಂದ 3ರವರೆಗೆ ಅಂಕ. ಅಡ್ಡ ಗೆರೆಗಳಷ್ಟೇ ಇದ್ದರೆ 0, ಬಿಡಿಬಿಡಿ ಬಿಸಿಲುಕೋಲಿಗೆ 1, ಒತ್ತೊತ್ತಾದರೆ 2, ಗಟ್ಟಿಯಾಗಿದ್ದರೆ 3. ಒಟ್ಟು 18. ಇಲ್ಲಿ ಅಂಕ ಹೆಚ್ಚಿದಷ್ಟೂ ಫೇಲು. ಫ್ರಾನ್ಸಿನ ರೊಸೆಲಿನ್ ಬ್ರಾ, ದಾನಿಯೆಲೆ ದೆ ಲೂಕಾ ಮತ್ತಿತರರು 2015ರಲ್ಲಿ 130 ಶಿಶುಗಳ ಅಧ್ಯಯನದಿಂದ, ಸಿಪ್ಯಾಪ್ ಮೇಲಿರುವ ಅವಧಿಪೂರ್ವ ಕೂಸಿಗೆ ಸರ್ಫ್ಯಾಕ್ಟೆಂಟ್ ಬೇಕಾದೀತೇ ಎಂಬುದನ್ನು ಈ ಅಂಕ ಮುಂಚೆಯೇ ಸೂಚಿಸಬಲ್ಲದು ಎಂದು ತೋರಿಸಿದರು. ಎಷ್ಟು ಅಂಕಕ್ಕೆ ಔಷಧ ಕೊಡಬೇಕು ಎಂಬ ಗಡಿ ಆಸ್ಪತ್ರೆಯಿಂದ ಆಸ್ಪತ್ರೆಗೆ, ಗರ್ಭದ ವಾರಗಳಿಗೆ ತಕ್ಕಂತೆ ಬದಲಾಗುತ್ತದೆ. ಯುರೋಪಿನ 2022ರ ಮಾರ್ಗಸೂಚಿ ಈ ತೀರ್ಮಾನಕ್ಕೆ ಅಲ್ಟ್ರಾಸೌಂಡ್ ಸಹಾಯ ಪಡೆಯಬಹುದು ಎಂದು ಒಪ್ಪಿಕೊಂಡಿದೆ.

ಇದರಿಂದ ಸಿಗುವುದು ಸಮಯ. ಹಳೆಯ ರೂಢಿಯಲ್ಲಿ ಕೂಸಿಗೆ ಬೇಕಾದ ಆಮ್ಲಜನಕ ಶೇ 30 ದಾಟುವವರೆಗೆ ಕಾಯುತ್ತಿದ್ದರು. ಸೋಲುವ ತನಕ ನೋಡಿ ಆಮೇಲೆ ಕೈ ಹಿಡಿದಂತೆ.

ನವಲಗುಂದದಿಂದ ಹುಬ್ಬಳ್ಳಿಗೆ

ಸರ್ಕಾರಿ ವ್ಯವಸ್ಥೆಯಲ್ಲಿ ಕೂಸಿನ ಆರೈಕೆಗೆ ಮೂರು ಮೆಟ್ಟಿಲು. ಹೆರಿಗೆ ನಡೆಯುವ ಕಡೆಯೆಲ್ಲ ಒಂದು ವಾರ್ಮರ್ ಇರುವ ನವಜಾತ ಶಿಶು ಮೂಲೆ. ತಾಲ್ಲೂಕು ಮಟ್ಟದಲ್ಲಿ ಕೂಸಿನ ಸ್ಥಿತಿ ಹತೋಟಿಗೆ ತರುವ ಎನ್‌ಬಿಎಸ್‌ಯು. ಜಿಲ್ಲಾಸ್ಪತ್ರೆ ಮತ್ತು ವೈದ್ಯಕೀಯ ಕಾಲೇಜುಗಳಲ್ಲಿ ವಿಶೇಷ ಆರೈಕೆಯ ಎಸ್‌ಎನ್‌ಸಿಯು. ಜನರ ಬಾಯಲ್ಲಿ ಇವೆಲ್ಲ ಒಂದೇ: ‘ಕೂಸಿನ್ನ ಪೆಟಿಗ್ಯಾಗ ಇಟ್ಟಾರ’. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ, ನಾಲ್ಕೂ ತಾಲ್ಲೂಕುಗಳ ದಾರಿ ಕೊನೆಗೆ ಸೇರುವುದು ಹುಬ್ಬಳ್ಳಿ-ಧಾರವಾಡಕ್ಕೆ. ಹೆಸರು ಬದಲಾಗಿ ಕೆಎಂಸಿಆರ್‌ಐ ಆದರೂ ಜನ ಇನ್ನೂ ‘ಕಿಮ್ಸ್’ ಎನ್ನುವ 1957ರ ವೈದ್ಯಕೀಯ ಕಾಲೇಜು, ಧಾರವಾಡದ ಜಿಲ್ಲಾಸ್ಪತ್ರೆ, ಸತ್ತೂರಿನ ಎಸ್‌ಡಿಎಂ, ಇವೇ ದೊಡ್ಡ ಆಸರೆ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಕಾಯಿಲೆ ಬಿದ್ದ ನವಜಾತ ಶಿಶುವಿಗೆ ಸರ್ಕಾರಿ ಆಸ್ಪತ್ರೆಯ ಚಿಕಿತ್ಸೆಯೂ ಸಾಗಣೆಯೂ ಉಚಿತ.

ನವಲಗುಂದದಿಂದ ಹುಬ್ಬಳ್ಳಿ ಸುಮಾರು 35-40 ಕಿಲೋಮೀಟರ್. ಹೆದ್ದಾರಿಯಲ್ಲಿ ತಾಸಿನೊಳಗಿನ ಹಾದಿ. ಆದರೆ ಕೂಸು ಹುಟ್ಟಿದ್ದು ಹೆದ್ದಾರಿಯ ಮೇಲಲ್ಲವಲ್ಲ. ಮಳೆ ಹಿಡಿದು ಬೆಣ್ಣೆಹಳ್ಳ, ತುಪ್ಪರಿಹಳ್ಳ ಸೊಕ್ಕಿದ ದಿನ ಹಳ್ಳಿಯಿಂದ ಹೆದ್ದಾರಿಗೆ ಬರುವುದೇ ದೊಡ್ಡದು. ಎರೆಮಣ್ಣು ಗಾಲಿಗೆ ಮೆತ್ತಿಕೊಂಡರೆ ಟ್ರ್ಯಾಕ್ಟರ್ ಸಹ ನಿಲ್ಲುತ್ತದೆ. ಇಲ್ಲೇ ಸ್ಕ್ಯಾನಿಂಗ್ ಬೇಕಾಗುವುದು ಎಂಬುದು ನನ್ನ ಅನಿಸಿಕೆ. ಹುಬ್ಬಳ್ಳಿಯ ಐಸಿಯುನಲ್ಲಿ ಎಕ್ಸ್-ರೇ ಇದೆ, ರಕ್ತಪರೀಕ್ಷೆ ಇದೆ, ರಾತ್ರಿಯಿಡೀ ತಜ್ಞರಿದ್ದಾರೆ. ಅಲ್ಲಿ ಇದು ಇನ್ನೊಂದು ಉಪಕರಣ. ತಾಲ್ಲೂಕಿನಲ್ಲಾದರೆ, ಈ ಕೂಸು ಈಗಲೇ ಹೊರಡಬೇಕೇ, ಸಿಪ್ಯಾಪ್ ಹಾಕಿಕೊಂಡೇ ಹೊರಡಬೇಕೇ, ಅಥವಾ ತಾಯಿಯ ಮಗ್ಗುಲಲ್ಲೇ ಆಮ್ಲಜನಕ ಕೊಟ್ಟು ಬೆಳಗಿನ ತನಕ ನೋಡಬಹುದೇ ಎಂಬ ಪ್ರಶ್ನೆಗೆ ಅದು ನೆರವಾಗುತ್ತದೆ. ಗಾಳಿ ಸೋರಿದ್ದನ್ನು ಗುರುತಿಸದೆ ಆಂಬುಲೆನ್ಸ್ ಹತ್ತಿಸಿದ ಕೂಸು ದಾರಿಯಲ್ಲೇ ಹೋಗಬಹುದು. ತಾನೇ ಇಂಗುವ ನೀರಿಗಾಗಿ ಹತ್ತಿಸಿದ ಕೂಸು, ಹಸಿ ಬಾಣಂತಿಯಿಂದ ದೂರವಾಗಿ, ಎದೆಹಾಲು ತಪ್ಪಿ, ಮೈ ತಣ್ಣಗಾಗಿ ತಲುಪಬಹುದು. ಎರಡೂ ನಷ್ಟವೇ.

ಪ್ರೋಬಿನಡಿ ಕಂಡದ್ದನ್ನು ಹತ್ತು ಸೆಕೆಂಡಿನ ವಿಡಿಯೊ ಮಾಡಿ ಹುಬ್ಬಳ್ಳಿಯ ತಜ್ಞರಿಗೆ ಫೋನಿನಲ್ಲಿ ಕಳಿಸುವುದು ಸಾಧ್ಯ. ಎಕ್ಸ್-ರೇ ಫಿಲ್ಮನ್ನು ಕಿಟಕಿಗೆ ಹಿಡಿದು ಫೋಟೋ ಹೊಡೆದು ಕಳಿಸುವುದಕ್ಕಿಂತ ಇದು ಎಷ್ಟೋ ವಾಸಿ. ಉಸಿರಾಟ ಚಲನೆ, ಚಲನೆಯನ್ನು ನಿಂತ ಚಿತ್ರ ತೋರಿಸಲಾರದು.

ಇನ್ನೊಂದು ಮಾತು. ಪಕ್ಕೆ ಸೆಳೆದರೆ ಬರೆ ಹಾಕಿಸುವ ಪದ್ಧತಿ ಉತ್ತರ ಕರ್ನಾಟಕದಲ್ಲಿ ಪೂರ್ತಿ ಅಳಿದಿಲ್ಲ. ಹಾಗೆ ಕಳೆಯುವ ತಾಸುಗಳನ್ನು ಯಾವ ಯಂತ್ರವೂ ತಿರುಗಿ ಕೊಡದು.

ಬೆಳಗಾವಿಯ ಪಾಠ

ಬೆಳಗಾವಿಯ ಜೆ.ಎನ್. ವೈದ್ಯಕೀಯ ಕಾಲೇಜಿನ ಸಂಶೋಧಕರು ಎರಡು ದೊಡ್ಡ ಅಂತರರಾಷ್ಟ್ರೀಯ ಅಧ್ಯಯನಗಳಲ್ಲಿ ಭಾಗಿಯಾದರು. ಅವಧಿಗೆ ಮೊದಲೇ ಹೆರಿಗೆ ನೋವು ಬಂದ ತಾಯಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟರೆ ಕೂಸಿನ ಶ್ವಾಸಕೋಶ ಬೇಗ ಬಲಿಯುತ್ತದೆ ಎಂಬುದು ಶ್ರೀಮಂತ ದೇಶಗಳಲ್ಲಿ ಗೊತ್ತಿದ್ದ ಸಂಗತಿ. 2015ರಲ್ಲಿ ಪ್ರಕಟವಾದ ಮೊದಲ ಅಧ್ಯಯನ ಹಳ್ಳಿ, ಸಣ್ಣ ಆಸ್ಪತ್ರೆ ಎನ್ನದೆ ಎಲ್ಲೆಡೆ ಅದನ್ನು ಹಂಚಲು ನೋಡಿತು. ನಿರೀಕ್ಷಿಸಿದ ಲಾಭ ಸಿಗಲಿಲ್ಲ, ಒಟ್ಟಾರೆ ಶಿಶುಮರಣ ತುಸು ಹೆಚ್ಚೇ ಆಯಿತು. 2020ರ ಎರಡನೆಯದು, ಐದು ದೇಶಗಳ 29 ಆಸ್ಪತ್ರೆಗಳಲ್ಲಿ, ಗರ್ಭದ ವಾರಗಳನ್ನು ಅಲ್ಟ್ರಾಸೌಂಡ್‌ನಿಂದ ಖಚಿತಪಡಿಸಿಕೊಂಡು, ಹುಟ್ಟಿದ ಕೂಸಿಗೆ ಆರೈಕೆ ಇರುವ ಕಡೆ ಮಾತ್ರ ಕೊಟ್ಟಿತು. 28 ದಿನದೊಳಗಿನ ಸಾವು ಶೇ 23.5ರಿಂದ ಶೇ 19.6ಕ್ಕೆ ಇಳಿಯಿತು.

ಮದ್ದು ಅದೇ. ಬದಲಾದದ್ದು ಸುತ್ತಲ ವ್ಯವಸ್ಥೆ. ಎದೆಯ ಸ್ಕ್ಯಾನಿಂಗನ್ನು ತಾಲ್ಲೂಕಿಗೆ ಇಳಿಸುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಚಿತ್ರ ನೋಡಿ ಮುಂದೇನು ಮಾಡಲೂ ಸಿಪ್ಯಾಪ್ ಇಲ್ಲ, ನರ್ಸ್ ಇಲ್ಲ ಎಂದಾದರೆ ಯಂತ್ರ ಅಲಂಕಾರಕ್ಕೆ.

ಕಾನೂನಿನ ಬೀಗ

ಸ್ಕ್ಯಾನಿಂಗ್ ಯಂತ್ರವನ್ನು ಎತ್ತಿಕೊಂಡು ಹೆರಿಗೆ ಕೋಣೆಗೆ ಹೋಗುವುದು ಭಾರತದಲ್ಲಿ ಅಷ್ಟು ಸಲೀಸಲ್ಲ. ಹೆಣ್ಣು ಭ್ರೂಣಹತ್ಯೆ ತಡೆಯಲು ಬಂದ 1994ರ ಕಾಯ್ದೆ 2003ರಲ್ಲಿ ತಿದ್ದುಪಡಿಯಾಗಿ ಪಿಸಿಪಿಎನ್‌ಡಿಟಿ ಎನಿಸಿಕೊಂಡಿತು. ಪ್ರತಿ ಯಂತ್ರವೂ, ಅದಿರುವ ಜಾಗವೂ ನೋಂದಣಿಯಾಗಿರಬೇಕು. ಕೈಯಲ್ಲಿ ಒಯ್ಯುವ ಯಂತ್ರಗಳ ಓಡಾಟಕ್ಕೆ 2012ರ ನಿಯಮ ಇನ್ನಷ್ಟು ಕಡಿವಾಣ ಹಾಕಿತು. ಯಂತ್ರಕ್ಕೆ ತಾನು ನೋಡುತ್ತಿರುವುದು ಕೂಸಿನ ಎದೆಯೋ ಬಸುರಿಯ ಹೊಟ್ಟೆಯೋ ಗೊತ್ತಿಲ್ಲ. ಕಾನೂನೂ ಯಂತ್ರವನ್ನೇ ಹಿಡಿಯುತ್ತದೆ. ಮಕ್ಕಳ ವೈದ್ಯರು ಇದರಿಂದ ಬೇಸರಗೊಳ್ಳುವುದು ಸಹಜ. ಆದರೆ 2023ರ ಕೊನೆಯಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಲಿಂಗ ಪತ್ತೆ ಮಾಡುತ್ತಿದ್ದ ಜಾಲ ಬಯಲಾದದ್ದನ್ನು ಕಂಡವರು ಬೀಗ ತೆಗೆಯಿರಿ ಎಂದು ಸುಲಭಕ್ಕೆ ಹೇಳಲಾರರು. ಬೀಗ ಇರಲಿ, ಕೀಲಿ ರಾತ್ರಿ ಎರಡು ಗಂಟೆಗೂ ಆಸ್ಪತ್ರೆಯಲ್ಲೇ ಇರಲಿ. ಶಿಶು ವಿಭಾಗಕ್ಕೇ ಮೀಸಲಾದ, ಆ ಕೋಣೆಯ ಹೆಸರಲ್ಲೇ ನೋಂದಾಯಿಸಿದ, ಚಪ್ಪಟೆ ಪ್ರೋಬ್ ಮಾತ್ರ ಇರುವ ಯಂತ್ರ ನಡುದಾರಿ ಆದೀತು.

ಯಂತ್ರಕ್ಕೆ ಕಾಣದ್ದು

ಅಲೆ ಹೊದಿಕೆಗೆ ತಾಗಿದ ಭಾಗವನ್ನಷ್ಟೇ ಹೇಳುತ್ತದೆ. ನಡುವಿನ ಗಂಟು ಹೊರಗಿನ ತನಕ ಚಾಚಿರದಿದ್ದರೆ ಕಾಣದು. ಶ್ವಾಸಕೋಶ ಅತಿಯಾಗಿ ಉಬ್ಬಿದ್ದನ್ನು ಎಕ್ಸ್-ರೇ ಚೆನ್ನಾಗಿ ತೋರಿಸುತ್ತದೆ. ಹೃದಯದ ದೋಷವೂ, ರಕ್ತದ ಸೋಂಕೂ ಕೂಸನ್ನು ತೇಕಿಸುತ್ತವೆ. ಎದೆಯ ಚಿತ್ರ ಸರಿಯಾಗಿದೆ ಎಂದು ಸಮಾಧಾನ ಪಡುವಂತಿಲ್ಲ, ಬದಲಿಗೆ ಬೇರೆ ಕಡೆ ಹುಡುಕಬೇಕು. ಹುಟ್ಟಿದ ಮೊದಲ ತಾಸುಗಳಲ್ಲಿ ಪೂರ್ತಿ ಆರೋಗ್ಯವಂತ ಕೂಸಿನಲ್ಲೂ ಬಿಸಿಲುಕೋಲು ಕಾಣುತ್ತವೆ, ಏಕೆಂದರೆ ನೀರು ಇನ್ನೂ ಇಂಗುತ್ತಿರುತ್ತದೆ. ಅವಸರದ ಕಣ್ಣು ಅದನ್ನು ಕಾಯಿಲೆ ಎಂದುಬಿಡುತ್ತದೆ. ಕಲಿಯುವವರು ಮೊದಲು ಆರೋಗ್ಯವಂತ ಕೂಸುಗಳನ್ನೇ ಹೆಚ್ಚು ನೋಡಬೇಕೆಂದು ಹಿರಿಯರು ಹೇಳುವುದು ಇದಕ್ಕೇ. ಪ್ರೋಬ್ ಒಂದು ಕೂಸಿನಿಂದ ಇನ್ನೊಂದಕ್ಕೆ ಹೋಗುವ ಮೊದಲು ಒರೆಸಿ ಶುದ್ಧ ಮಾಡದಿದ್ದರೆ ಸೋಂಕನ್ನೂ ಹೊತ್ತೊಯ್ಯುತ್ತದೆ.

ಮತ್ತೊಮ್ಮೆ ನೋಡುವುದು

ವಿಕಿರಣ ಇಲ್ಲದ ಕಾರಣ ಎಷ್ಟು ಸಲ ಬೇಕಾದರೂ ನೋಡಬಹುದು. ರಾತ್ರಿ ಕಂಡ ಕೂಸನ್ನು ನಸುಕಿನಲ್ಲಿ, ಮತ್ತೆ ಮಧ್ಯಾಹ್ನ. ಉಳಿದ ನೀರಿನ ಕೂಸಾದರೆ ಕೋಲುಗಳು ಮೊದಲು ಮೇಲ್ಭಾಗದಲ್ಲಿ ವಿರಳವಾಗಿ, ಆಮೇಲೆ ಕೆಳಗೂ ತೆಳುವಾಗುತ್ತವೆ. ಅವುಗಳ ಜಾಗದಲ್ಲಿ ಅಡ್ಡ ಗೆರೆಗಳು ಒಂದೊಂದಾಗಿ ಮೂಡುತ್ತವೆ. ಉಸಿರಿನ ಎಣಿಕೆ 80ರಿಂದ 60ಕ್ಕೆ, 50ಕ್ಕೆ ಇಳಿಯುತ್ತದೆ. ಮೂಗಿನ ಕೊಳವೆ ತೆಗೆದು, ಎದೆಗೆ ಅಂಟಿದ ಜೆಲ್ ಒರೆಸಿ, ನರ್ಸು ಕೂಸನ್ನು ತಾಯಿಯ ಎದೆಗೆ ಕೊಡುತ್ತಾಳೆ. ಹೊರಗೆ ಬೆಂಚಿನ ಮೇಲಿದ್ದ ಅಜ್ಜಿ ಕಲಘಟಗಿಯ ತೊಟ್ಟಿಲಿನ ಮಾತು ತೆಗೆಯುತ್ತಾಳೆ.